ಕಟ್ಟಿ ಕಲಿಸಿದ ನಡೆ

ಬಾಗಿಲು ಬಡಿದ ಸದ್ದಾಯಿತು. ಒಮ್ಮೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಆಮೇಲೆ, ಬಡಿಯುವ ಕೈಗೆ ತನ್ನ ಮೇಲೇ ನಂಬಿಕೆ ಹೋದಂತೆ, ಬೆರಳ ಗೆಣ್ಣಿನಿಂದ ಮೆಲ್ಲನೆಯ ಮೂರನೆಯ ತಟ್ಟು.

ದರಿಮಾ ಕತ್ತಲಲ್ಲಿ ಕಣ್ಣು ತೆರೆದು, ಮಲಗಿದ್ದಲ್ಲೇ ಕಿವಿಗೊಟ್ಟಳು. ಖಾನುಯ್ ನದಿಯ ಈ ಕಣಿವೆಯಲ್ಲಿ ಯಾರೂ ಯಾರ ಬಾಗಿಲನ್ನೂ ಬಡಿಯುವುದಿಲ್ಲ. ಬಂದವರು ದೂರದಿಂದಲೇ ‘ನಾಯಿ ಹಿಡ್ಕೊಳ್ಳಿ’ ಎಂದು ಕೂಗುತ್ತಾರೆ. ನಾಯಿ ಇರಲಿ ಬಿಡಲಿ, ಇದ್ದ ನಾಯಿ ಸತ್ತು ಎರಡು ವರ್ಷವಾಗಿರಲಿ, ಕೂಗು ಅದೇ. ಆ ಕೂಗಿನಲ್ಲೇ ಬಂದವರು ಯಾರು, ಯಾವ ಮನಸ್ಸಿನಲ್ಲಿ ಬಂದಿದ್ದಾರೆ, ಹಸಿದಿದ್ದಾರೆಯೆ, ಕುಡಿದಿದ್ದಾರೆಯೆ ಎಂಬುದೆಲ್ಲ ಒಲೆ ಹೊತ್ತುವ ಮೊದಲೇ ತಿಳಿದುಹೋಗುತ್ತದೆ. ದನಿಯಿಲ್ಲದೆ ಮರವನ್ನು ತಟ್ಟುವ ಕೈಯ ಬಗ್ಗೆ ಏನನ್ನೂ ತಿಳಿಯಲಾಗದು. ಹೊರಗೆ ಕುದುರೆಯ ಉಸಿರಿಲ್ಲ, ಬೈಕಿನ ಬಿಸಿ ಲೋಹ ಚಿಟಿಚಿಟಿಗುಟ್ಟುತ್ತಿಲ್ಲ. ಅವಳ ಕಿವಿಗೆ ಸಿಕ್ಕಿದ್ದು ಒದ್ದೆ ಬೂಟಿನೊಳಗೆ ಭಾರ ಬದಲಿಸುತ್ತ ನಿಂತ ಎರಡು ಕಾಲುಗಳ ಸಪ್ಪಳ ಮಾತ್ರ.

ಪಶ್ಚಿಮದ ಮಂಚದಿಂದ ಮಾವನ ದನಿ ಬಂತು. ಐದು ವರ್ಷದಿಂದ ಅವನ ಬಲಮೈ ಸತ್ತಿತ್ತು, ನಾಲಗೆ ಸತ್ತಿರಲಿಲ್ಲ.

“ಯಾರದು? ದೆವ್ವ ಆದ್ರೆ ಬೆಳಿಗ್ಗೆ ಬಾ. ಮನುಷ್ಯರಾದ್ರೆ ಬಾಯಿ ಬಿಡು.”

ದರಿಮಾ ಎದ್ದು ಬಾಗಿಲು ತೆರೆದಳು. ಹೊರಗೆ ನಿಂತಿದ್ದ ಹೆಂಗಸು ಟಾರ್ಚನ್ನು ತನ್ನ ಮುಖದ ಮೇಲೆ ತಾನೇ ಬಿಟ್ಟುಕೊಂಡಳು. ಪಟ್ಟಣದ ಕೋಟು, ಗಾಳಿಗೆ ಒಡೆದ ತುಟಿ. ಸೊಲೊಂಗೊ. ಏಳು ವರ್ಷದ ಹಿಂದೆ ಈ ಮನೆಯವರು ಕೊಟ್ಟ ಕುದುರೆಯಿಂದ ಬಿದ್ದು ಸತ್ತ ಲಾರಿಯವನ ಹೆಂಡತಿ.

“ಕೂಗೋಕೇನಾಗಿತ್ತೇ ನಿಂಗೆ? ಎದೆ ಒಡ್ದುಹೋಯ್ತು.”

“ಕೂಗಿದೆ ಅಕ್ಕ,” ಎಂದಳು ಸೊಲೊಂಗೊ. “ದನಿ ಹೊರಡ್ಲಿಲ್ಲ.”

ಒಲೆಗೆ ಸಗಣಿಯ ಬೆರಣಿ ಹಾಕಿ, ಉಪ್ಪು ಬೆರೆಸಿದ ಹಾಲಿನ ಚಹಾ ಕಾಯಿಸುವಾಗ ದರಿಮಾಳ ಕೈ ತನ್ನ ಕೆಲಸವನ್ನು ತಾನೇ ಮಾಡುತ್ತಿತ್ತು. ಬೈಕಿನವನೊಬ್ಬ ತೊರೆಯ ತನಕ ತಂದುಬಿಟ್ಟನಂತೆ. ಅಲ್ಲಿಂದ ನೀರು ದಾಟಿ ನಡೆದು ಬಂದಳಂತೆ. ಪ್ರಾಂತದ ಊರಿನ ಶಾಲೆಯಲ್ಲಿ ಅವಳಿಗೆ ಇನ್ನೂ ಅದೇ ಟೀಚರ್ ಕೆಲಸ. ಬೇಸಿಗೆ ರಜೆಗೆ ತಾಯಿಯ ಬಿಡಾರಕ್ಕೆ ಬಂದಿದ್ದಾಳೆ, ಇಲ್ಲಿಂದ ಅರ್ಧ ದಿನದ ದಾರಿ. ಇಷ್ಟೂ ವಿಷಯ ಮಾವನ ಪ್ರಶ್ನೆಗಳಿಂದ ಹೊರಬಿತ್ತು. ದರಿಮಾ ಏನನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಭಯ.

“ನನಗೊಂದು ಕುದುರೆ ಬೇಕಕ್ಕ,” ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸೊಲೊಂಗೊ ಹೇಳಿದಳು. “ಆರಿಸ್ಕೊಡ್ತೀರಾ? ಶಾಂತವಾಗಿರೋದು. ಕುಲುಕದೆ ನಡೆಯೋದು. ಜೊರೊ.”

“ಕುರಿ ಅಟ್ಟೋಕಾ?”

“ಅಲ್ಲ. ಕೆಲಸಕ್ಕೇ ಅಲ್ಲ. ಸುಮ್ನೆ ಕೂತ್ಕೊಂಡು ಹೋಗೋಕೆ. ಸಾಯಂಕಾಲ ನದಿ ಪಕ್ಕ. ಮಗಳನ್ನ ಮುಂದೆ ಕೂರಿಸ್ಕೊಂಡು.”

ಮಾವ ಕೆಮ್ಮಿನಂಥ ನಗೆ ನಕ್ಕ. “ಸುಮ್ನೆ ಹೋಗೋಕೆ ಕುದುರೆ! ನಮ್ಮ ಕಾಲದಲ್ಲಿ ಸುಮ್ನೆ ಅಂತ ಒಂದು ಕಡೆ ಇರ್ಲೇ ಇಲ್ಲ ಟೀಚರಮ್ಮಾ, ಅಲ್ಲಿಗೆ ಯಾರೂ ಹೋಗ್ತಿರ್ಲಿಲ್ಲ.”

ಸೊಲೊಂಗೊ ನಗಲು ಪ್ರಯತ್ನಿಸಿದಳು. “ಅವರು ಬಿದ್ದ ದಿನದಿಂದ ನಾನು ಹತ್ತಿಲ್ಲ ಅಜ್ಜ. ಮಗಳಿಗೆ ಒಂಬತ್ತು ವರ್ಷ. ಈ ನೆಲದಲ್ಲಿ ಹುಟ್ಟಿ ಒಂದು ಸಲವೂ ಕುದುರೆ ಮೇಲೆ ಕೂತಿಲ್ಲ. ಶಾಲೇಲಿ ಹುಡುಗ್ರು ಅಂತಾರಂತೆ, ಕುಡುಕನ ಮಗಳು ಕುದುರೆ ಹತ್ತಬಾರ್ದು, ಅಪ್ಪನ ಹಾಗೇ ಉರುಳ್ತಾಳೆ ಅಂತ. ನಿಜವೇನಮ್ಮ ಅಂತ ನನ್ನ ಕೇಳಿದ್ಲು. ಏನು ಹೇಳ್ಲಿ ನಾನು?”

ಒಲೆಯೊಳಗೆ ಬೆರಣಿ ಮುರಿದು ಕೂತಿತು. “ಮಲಕ್ಕೋ,” ಎಂದಳು ದರಿಮಾ, “ಬೆಳಿಗ್ಗೆ ನೋಡೋಣ.”

ಅವಳು ಮಲಗಿದಳು, ನಿದ್ದೆ ಬರಲಿಲ್ಲ. ಗುಡಾರದ ನೆತ್ತಿಯ ದುಂಡು ಕಿಂಡಿಯಲ್ಲಿ ನಕ್ಷತ್ರಗಳು ಸರಿಯುತ್ತಿದ್ದವು. ಕುಡುಕನ ಮಗಳು. ಆ ಮಾತು ಈ ಗುಡಾರದಲ್ಲೇ, ಈ ಒಲೆಯ ಪಕ್ಕದಲ್ಲೇ ಹುಟ್ಟಿದ್ದಲ್ಲವೆ? ಲಾರಿಯವನು ಸತ್ತ ಮೇಲೆ ಜೀಪಿನಲ್ಲಿ ಬಂದ ಅಧಿಕಾರಿ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಕೂತಿದ್ದ. ಪೆನ್ನಿನ ಶಾಯಿ ಚಳಿಗೆ ಗಟ್ಟಿಯಾಗಿ, ಅದನ್ನು ಬಾಯಿಯ ಉಸಿರಿಗೆ ಹಿಡಿದು ಕಾಯಿಸುತ್ತಿದ್ದ. ಹೇಗೆ ಬಿದ್ದ ಎಂದು ಕೇಳಿದ. ಆಗ ಮಾವ ಇನ್ನೂ ನೆಟ್ಟಗೆ ಕೂರುತ್ತಿದ್ದ ಕಾಲ; ನಶ್ಯದ ಬುಡ್ಡಿಯನ್ನು ಅಧಿಕಾರಿಗೆ ಕೊಟ್ಟು, ನಿಟ್ಟುಸಿರಿಟ್ಟು, ‘ಒಳ್ಳೇ ಹುಡುಗ, ಆದ್ರೆ ಕುಡಿದಿದ್ದ’ ಎಂದಿದ್ದ. ಪೆನ್ನು ಆ ಹೊತ್ತಿಗೇ ಬರೆಯತೊಡಗಿತ್ತು. ದರಿಮಾ ಒಲೆಯ ಮೇಲಿನ ಚಹಾವನ್ನು ಸೌಟಿನಿಂದ ಎತ್ತಿ ಎತ್ತಿ ಸುರಿಯುತ್ತಿದ್ದಳು, ಚಹಾ ಹದಕ್ಕೆ ಬಂದ ಮೇಲೂ, ಆರಿದ ಮೇಲೂ. ಹೌದು, ಕುಡಿದಿದ್ದ. ಎರಡು ಬಟ್ಟಲು ಹುಳಿ ಬಂದ ಕುದುರೆ ಹಾಲು. ಕಣಿವೆಯಲ್ಲಿ ಹಾಲುಹಲ್ಲಿನ ಮಕ್ಕಳೂ ಕುಡಿಯುವಂಥದ್ದು, ಯಾರೂ ಅದನ್ನು ಕುಡಿತವೆನ್ನುವುದಿಲ್ಲ. ಆ ದಿನ ಅದೇ ಕುದುರೆಯ ಮೇಲೆ ಇಲ್ಲಿಗೆ ಬಂದಿದ್ದವನಿಗೆ ಆ ಎರಡು ಬಟ್ಟಲನ್ನೂ ತುಂಬಿ ಕೊಟ್ಟವಳು ತಾನೇ. ‘ಸಾಕಕ್ಕ, ದಾರಿ ದೂರ’ ಎಂದು ಅವನು ಅಂದಾಗ ‘ಇದನ್ನ ಕುಡಿಯದೆ ಎದ್ರೆ ನಮ್ಮ ಮನೆಗೆ ಅವಮಾನ’ ಎಂದು ಎರಡನೆಯದನ್ನು ತುಂಬಿದವಳೂ ತಾನೇ. ಕಾಗದದ ಮೇಲೆ ಅಧಿಕಾರಿ ಬರೆದದ್ದರಲ್ಲಿ ಸುಳ್ಳು ಯಾವುದು ಎಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗುತ್ತಿರಲಿಲ್ಲ, ತನಗೊಬ್ಬಳಿಗೆ ಆಗುತ್ತಿತ್ತು.

ಬೆಳಗಾಯಿತು. ಗಂಡ ಚೊಯ್ದೊಗ್ ದೊಡ್ಡ ಮಂದೆಯನ್ನು ಅಟ್ಟಿಕೊಂಡು ಉತ್ತರದ ಹುಲ್ಲಿಗೆ ಹೋಗಿ ಹತ್ತು ದಿನವಾಗಿತ್ತು. ಬಿಡಾರದ ಹತ್ತಿರ ಉಳಿದಿದ್ದು ಏಳು ಕುದುರೆ. ದರಿಮಾ ಅವುಗಳನ್ನು ಕಟ್ಟುಹಗ್ಗದ ಸಾಲಿಗೆ ತಂದಳು. ಇಬ್ಬನಿಗೆ ಬೆನ್ನುಗಳು ಹೊಗೆಯಾಡುತ್ತಿದ್ದವು.

“ಯಾವ ಬಣ್ಣದ್ದು ಇಷ್ಟ ನಿಂಗೆ?”

“ಬಣ್ಣ ಯಾವುದಾದ್ರೂ ಸರಿ. ಕಂದು ಬೇಡ.”

ಲಾರಿಯವನ ಕುದುರೆ ಕಂದು. ದರಿಮಾ ಸಾಲಿನ ತುದಿಗಿದ್ದ ಕಂದು ಕುದುರೆಯನ್ನು ಬಿಚ್ಚಿ ಬಿಟ್ಟಳು. ಆರು ಉಳಿದವು. ಕುದುರೆಯ ವಿಷಯಕ್ಕೆ ಬಂದರೆ ಅವಳು ಇನ್ನೊಬ್ಬಳೇ ಆಗಿಬಿಡುತ್ತಿದ್ದಳು, ಮಾತು ಕೂಡ ಬೇರೆ.

“ಶಾಂತ ಅಂದ್ರೆ ನಿದ್ದೆ ಅಲ್ಲ, ತಿಳ್ಕೋ. ಆ ಬಿಳಿಯದು ನೋಡು, ಕೆಳತುಟಿ ಜೋತುಬಿಟ್ಟು ನಿಂತಿದೆ. ಶಾಂತ ಅಂದ್ಕೊಂಡ್ಯಾ? ಅದು ಸೋಮಾರಿ. ಹಾವು ಕಂಡ್ರೆ ಎಲ್ಲಾರ್ಗಿಂತ ಮೊದ್ಲು ಅದೇ ಹಾರೋದು. ಶಾಂತವಾಗಿರೋದು ಎಲ್ಲಾನೂ ನೋಡ್ತಿರತ್ತೆ. ಕಿವಿ ಆಡಿಸ್ತಾನೇ ಇರತ್ತೆ. ನೋಡಿ, ಓ ಇದಾ, ಅಂತ ಬಿಟ್ಟುಬಿಡತ್ತೆ.”

ಅವಳು ತನ್ನ ನಿಲುವಂಗಿಯ ನಡುಪಟ್ಟಿ ಬಿಚ್ಚಿ, ಅದನ್ನು ಕುದುರೆಗಳ ಕಣ್ಣ ಮುಂದೆ ಝಾಡಿಸಿದಳು. ಎರಡು ಹಿಂದೆ ಸರಿದವು. ಬಿಳಿಯದು ಹಗ್ಗ ಕಿತ್ತುಕೊಳ್ಳುವಂತೆ ಜಗ್ಗಿತು. “ನೋಡಿದ್ಯಾ ನಿನ್ನ ಸಾಧು?” ಎಂದು ಅವಳು ನಕ್ಕಾಗ ಸೊಲೊಂಗೊಳೂ ನಕ್ಕಳು, ರಾತ್ರಿಯಿಂದ ಮೊದಲ ಸಲ. ಮೂರು ಉಳಿದವು. ಒಂದೊಂದನ್ನೂ ದರಿಮಾ ಹತ್ತಿ, ಜೊತೆಯವುಗಳಿಂದ ದೂರ, ಗುಡ್ಡದ ಮರೆಯ ತನಕ ಒಂಟಿಯಾಗಿ ಒಯ್ದು ತಂದಳು. ಒಂಟಿಯಾದಾಗ ಕಿರುಚುವ ಕುದುರೆ ಹೆಂಗಸನ್ನೂ ಮಗುವನ್ನೂ ಹೊತ್ತು ನದಿಯ ಪಕ್ಕ ಹೋಗಲಾರದು. ಒಂದು ಕಿರುಚಿತು. ಎರಡು ಉಳಿದವು: ಬೂದು ಮೈಯ ಹನ್ನೊಂದು ವರ್ಷದ್ದೊಂದು, ಹಳದಿ ಮೈಗೆ ಕಪ್ಪು ಬಾಲದ ಹದಿನಾಲ್ಕರದ್ದೊಂದು. ಎರಡೂ ಜೊರೊ. ಒಂದೇ ಪಕ್ಕದ ಮುಂಗಾಲು ಹಿಂಗಾಲು ಜೊತೆಯಾಗಿ ಸಾಗುವ, ಕೂತವರ ಸೊಂಟವನ್ನು ನೀರಿನಂತೆ ಒಯ್ಯುವ ಆ ನಡಿಗೆ.

“ಈಗ ನೀನು ಹತ್ತು. ಬಟ್ಟಲಿಗೆ ಚಹಾ ತುಂಬಿ ಕೊಡ್ತೀನಿ, ಅಂಚಿನ ತನಕ. ಚೆಲ್ಲಿದ್ರೆ ತಪ್ಪು ಕುದುರೇದು, ನಿಂದಲ್ಲ.”

ಸೊಲೊಂಗೊಳ ಎಡಗಾಲು ಜೀನಿನ ರಿಕಾಪಿನಲ್ಲಿ ಬಹಳ ಹೊತ್ತು ನಿಂತಿತ್ತು. ಹಳದಿ ಕುದುರೆಯ ಕುತ್ತಿಗೆಯ ಕೂದಲಿಗೆ ಮುಖ ಒತ್ತಿ ಅವಳು ಏನನ್ನೋ ಹೇಳಿಕೊಂಡಳು, ಕುದುರೆಗೋ ಸತ್ತವನಿಗೋ. ಆಮೇಲೆ ಒಮ್ಮೆಲೇ ಮೇಲಿದ್ದಳು. ದರಿಮಾ ಬಟ್ಟಲನ್ನು ಎತ್ತಿ ಕೊಟ್ಟು, ಹಿಂದೆ ಸರಿದು, ಕಣ್ಣು ಮುಚ್ಚಿದಳು. ಅವಳು ಜೊರೊಗಳನ್ನು ಕಣ್ಣಿಂದ ನೋಡುತ್ತಿರಲಿಲ್ಲ. ಹುಡುಗಿಯಾಗಿದ್ದಾಗಲೇ ನೆಲಕ್ಕೆ ಕಿವಿಯಿಟ್ಟು, ಗುಡ್ಡದಾಚೆ ಹೋಗುತ್ತಿರುವುದು ಹುಟ್ಟು ಜೊರೊ ಹೌದೋ ಅಲ್ಲವೋ ಎಂದು ಹೇಳುತ್ತಿದ್ದಳು. ‘ಬೇರೆಯವರು ಮುಖ ನೋಡಿ ಸೊಸೆ ತರ್ತಾರೆ, ನಾನು ಕಿವಿ ನೋಡಿ ತಂದೆ’ ಎಂದು ಮಾವ ಮದುವೆಯ ಊಟದಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದರು. ಹತ್ತೊಂಬತ್ತರ ಅವಳು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಿದ್ದಳು.

ಟಕ ಟಕ ಟಕ ಟಕ. ಹಳದಿ ಕುದುರೆಯ ನಾಲ್ಕು ಗೊರಸುಗಳು ಗಟ್ಟಿ ನೆಲದ ಮೇಲೆ ಸಾಲಾಗಿ ಬಿದ್ದವು. ಚೆಂದದ ನಡಿಗೆ. ಯಾರ ಕಣ್ಣಿಗೂ, ನೂರರಲ್ಲಿ ತೊಂಬತ್ತೊಂಬತ್ತು ಕಿವಿಗಳಿಗೂ, ಕೊರತೆಯಿಲ್ಲದ ನಡಿಗೆ. ಆದರೆ ಮೂರನೆಯ ಸದ್ದು ಕೂದಲೆಳೆಯಷ್ಟು ತಡವಾಗಿ ಬಿತ್ತು, ನೆಲದಿಂದ ಅಪ್ಪಣೆ ಕೇಳಿದಂತೆ, ಮತ್ತೆ ಅದೇ, ಮತ್ತೆ ಅದೇ. ಆ ಸಾವಿನ ನಂತರ ದರಿಮಾ ಯಾವ ಜೊರೊಗೂ ಹೀಗೆ ಕಿವಿಗೊಟ್ಟಿರಲಿಲ್ಲ. ಏಳು ವರ್ಷದ ಹಿಂದೆ ಇದೇ ಕಟ್ಟುಹಗ್ಗದ ಹತ್ತಿರ, ಸುತ್ತ ನೆರೆಯ ಐದಾರು ಮನೆಯವರು ನೆರೆದಿದ್ದಾಗ, ಕಂದು ಕುದುರೆಯ ಮೂರನೆಯ ಗೊರಸೂ ಹೀಗೆಯೇ ಅಪ್ಪಣೆ ಕೇಳಿತ್ತು. ಲಾರಿಯವನು ಜೀನಿನ ಮೇಲಿಂದ ಬಾಗಿ, ಬೆಳ್ಳಗಿನ ಹಲ್ಲು ಬಿಟ್ಟು, ‘ಅಕ್ಕನ ಕಿವಿ ಏನನ್ನತ್ತೆ? ಅಕ್ಕ ಹೂಂ ಅಂದ್ರೇನೇ ನಾನು ಒಯ್ಯೋದು’ ಎಂದಿದ್ದ. ಮಾತು ಕೊಟ್ಟಾಗಿತ್ತು. ಆ ಹಿಂದಿನ ಕೊಲೆಗಡುಕ ಚಳಿಗಾಲದಲ್ಲಿ, ಹುಲ್ಲಿನ ಮೇಲೆ ಹಿಮ ಕಬ್ಬಿಣದಂತೆ ಕೂತು ಕುದುರೆಗಳು ನಿಂತ ನಿಂತಲ್ಲೇ ಸತ್ತಾಗ, ಮೂರು ಸಲ ಲಾರಿ ತುಂಬ ಒಣಹುಲ್ಲು ತಂದು ಈ ಮನೆಯ ಕುರಿಗಳನ್ನಾದರೂ ಉಳಿಸಿದವನು ಅವನು. ಅವನಿಗೆ ಮನೆತನದ ಹುಟ್ಟು ಜೊರೊ ಕೊಡುವುದಾಗಿ ಇಡೀ ಕಣಿವೆಯೆದುರು ಮಾತಾಗಿತ್ತು. ಹುಟ್ಟು ಜೊರೊಗಳೆಲ್ಲ ಆ ಹಿಮದಲ್ಲೇ ಮುಗಿದಿದ್ದವು ಎಂಬುದನ್ನು ಕಣಿವೆಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ‘ಶಾಂತ ಕುದುರೆ,’ ಎಂದಿದ್ದಳು ದರಿಮಾ. ‘ಹುಟ್ಟು ಜೊರೊ.’

“ಅಕ್ಕಾ! ಒಂದು ಹನಿಯೂ ಚೆಲ್ಲಿಲ್ಲ ನೋಡಿ!”

ಕಣ್ಣು ತೆರೆದಳು. ಹಳದಿ ಕುದುರೆಯ ಮೇಲೆ ಸೊಲೊಂಗೊ ಬಟ್ಟಲನ್ನು ಎತ್ತಿ ಹಿಡಿದಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು, ಮದುವೆಯ ವರ್ಷದ ಹುಡುಗಿ ಎಲ್ಲಿಂದಲೋ ಮರಳಿ ಬಂದಿದ್ದಳು. “ಇದೇ ಸಾಕು ಅಕ್ಕ. ಇದನ್ನೇ ಕೊಡಿ. ತೊಟ್ಟಿಲಲ್ಲಿ ಕೂತ ಹಾಗಿದೆ.”

ಹೂಂ ಎಂದುಬಿಟ್ಟರೆ ಮುಗಿಯಿತು. ಹಳದಿಯದು ವಯಸ್ಸಾದದ್ದು, ನದಿಯ ಪಕ್ಕದ ಸಮನೆಲದಲ್ಲಿ ಏನೂ ಆಗಲಿಕ್ಕಿಲ್ಲ. ಬೇಡವೆಂದರೆ ಯಾಕೆ ಎನ್ನುತ್ತಾಳೆ. ಹಾಗೆಯೇ ಆ ಸಲವೂ ಆಲೋಚಿಸಿದ್ದೆನಲ್ಲ, ಏನೂ ಆಗಲಿಕ್ಕಿಲ್ಲ ಎಂದು, ಎಂಬುದು ಹೊಳೆದಾಗ ಅವಳ ಬಾಯಿ ಅವಳನ್ನು ಕೇಳದೆ ಆಡಿತು.

“ಇಳಿ. ಇದು ಬೇಡ.”

“ಯಾಕಕ್ಕ?”

“ಬೇಡ ಅಂದ್ನಲ್ಲ. ಇಳಿ ಮೊದ್ಲು.”

ಸೊಲೊಂಗೊ ಇಳಿದಳು. ಮುಖದ ಬಣ್ಣ ಇಳಿದಿರಲಿಲ್ಲ. “ಕೊಡೋಕೆ ಇಷ್ಟ ಇಲ್ದಿದ್ರೆ ಹೇಳಿಬಿಡಿ. ನಾನೇನು ಕಿತ್ಕೊಂಡು ಹೋಗಲ್ಲ.”

“ಅಯ್ಯೋ, ಅದಲ್ವೇ.” ದರಿಮಾ ಬಗ್ಗಿ ಹಳದಿಯ ಮುಂಗಾಲನ್ನು ಎತ್ತಿದಳು, ಗೊರಸಿನ ಮೇಲಿನ ಗಂಟಿನ ರೋಮವನ್ನು ಹೆಬ್ಬೆರಳಿನಿಂದ ಹಿಮ್ಮುಖವಾಗಿ ಸವರಿದಳು. “ಇದು ಹುಟ್ಟು ಜೊರೊ ಅಲ್ಲ. ಕಟ್ಟಿ ಕಲಿಸಿದ್ದು. ಮುಂಗಾಲಿಗೂ ಹಿಂಗಾಲಿಗೂ, ಒಂದೇ ಪಕ್ಕಕ್ಕೆ, ಕುದುರೆಕೂದಲಿನ ಗಿಡ್ಡ ಹಗ್ಗ. ಇಡೀ ಚಳಿಗಾಲ ಹಾಗೇ ನಡೆಸ್ತಾರೆ. ಬೇರೆ ನಡಿಗೆ ನಡೆದ್ರೆ ಹಗ್ಗ ಕೊಯ್ಯತ್ತೆ. ಕೊನೆಗೆ ಕಲಿಯತ್ತೆ, ಹಗ್ಗ ಬಿಚ್ಚಿದ್ರೂ ಹಗ್ಗ ಇರೋ ಹಾಗೇ ನಡೆಯತ್ತೆ. ಚಂದ ನಡೆಯತ್ತೆ. ಆದ್ರೆ ಇಳಿಜಾರಲ್ಲಿ, ಏನಾದ್ರೂ ಭರ್ರನೆ ಎದ್ದು ಬೆಚ್ಚಿತು ಅನ್ನು, ಕಾಲಿಗೆ ಎರಡು ನಡಿಗೇನೂ ಒಟ್ಟಿಗೆ ನೆನಪಾಗತ್ತೆ. ಒಂದು ಹುಟ್ಟಿನದು, ಒಂದು ಹಗ್ಗದ್ದು. ಕಾಲಿಗೆ ಕಾಲು ತೊಡರಿ...”

ಅಲ್ಲಿಗೆ ಮಾತು ನಿಂತಿತು. ನಿಲ್ಲಬೇಕಾಗಿದ್ದುದಕ್ಕಿಂತ ಬಹಳ ಮುಂದೆ ಬಂದು ನಿಂತಿತ್ತು.

ಸೊಲೊಂಗೊ ಮೊಣಕಾಲೂರಿ ಕುಳಿತಳು. ದರಿಮಾಳ ಹೆಬ್ಬೆರಳ ಕೆಳಗೆ, ಹಳದಿ ರೋಮದ ನಡುವೆ, ಕಾಲಿನ ಸುತ್ತ ಬಿಳಿ ಕೂದಲಿನ ತೆಳುವಾದೊಂದು ಉಂಗುರವಿತ್ತು. ಹಗ್ಗ ಕೊಯ್ದು ಮಾಯ್ದ ಕಡೆ ಕುದುರೆಗೆ ಬಿಳಿ ಕೂದಲೇ ಹುಟ್ಟುತ್ತದೆ. ಸೊಲೊಂಗೊ ಅದನ್ನು ಮುಟ್ಟಲಿಲ್ಲ.

“ಅವರ ಕುದುರೆಗೂ ಇತ್ತು,” ಎಂದಳು. ದನಿ ತರಗತಿಯಲ್ಲಿ ಪಾಠ ಓದಿದಂತೆ ಸಮನಾಗಿತ್ತು. “ನಾಲ್ಕು ಕಾಲಿಗೂ. ಕಂದು ಮೈಗೆ ಬಿಳಿ ಬಳೆ ತೊಡಿಸಿದಾರೆ, ನಿನ್ನ ಕೈಗಿಂತ ಅದರ ಕಾಲೇ ಚಂದ ಅಂತ ನನ್ನ ರೇಗಿಸಿದ್ರು. ನಾನು ಸೋಪು ಹಾಕಿ ತೊಳೆದಿದ್ದೆ ಅಕ್ಕ, ಬಿಳುಪು ಎದ್ದು ಕಾಣ್ಲಿ ಅಂತ.”

ನದಿಯ ಕಡೆಯಿಂದ ಗಾಳಿ ಬಂದು ಕುದುರೆಗಳ ಬಾಲವನ್ನು ಒಂದೇ ದಿಕ್ಕಿಗೆ ಬಾಚಿತು. ತರ್ಬಗ ಎಂಬ ದಪ್ಪ ನೆಲ-ಅಳಿಲುಗಳ ಬಿಲಗಳಿಂದ ತೂತು ತೂತಾದ, ಲಾರಿಯವನು ಬಿದ್ದ ಆ ಇಳಿಜಾರು ಇಲ್ಲಿಂದ ಕಾಣುತ್ತಿತ್ತು. ಹುಲ್ಲಿನಿಂದ ಹಕ್ಕಿಯೊಂದು ಭರ್ರನೆ ಎದ್ದಿತ್ತಂತೆ. ಹಿಂದೆ ಬರುತ್ತಿದ್ದ ಕುರಿಗಾಹಿ ನೋಡಿದ್ದ. ಕುದುರೆ ಮುಗ್ಗರಿಸಿದ್ದನ್ನೂ ಅವನು ಹೇಳಿದ್ದ. ಕಾಗದದಲ್ಲಿ ಅದಾವುದೂ ಬರಲಿಲ್ಲ. ಹಿರಿಯರ ಮಾತಿನ ಮುಂದೆ ಕುರಿಗಾಹಿಯ ಮಾತೇನು.

“ನಿಮಗೆ ಗೊತ್ತಿತ್ತಾ?”

ದರಿಮಾ ಕಾಲನ್ನು ಕೆಳಗಿಟ್ಟಳು. “ಕೇಳಿಸಿತ್ತು,” ಎಂದಳು. ಅದಕ್ಕಿಂತ ನಿಜವಾದ ಮಾತು ಅವಳಿಗೆ ತೋಚಲಿಲ್ಲ.

ಸೊಲೊಂಗೊ ಹೊಡೆಯುತ್ತಾಳೆ ಎಂದುಕೊಂಡಳು; ಹೊಡೆದರೆ ಚೆನ್ನಾಗಿತ್ತು. ಅವಳು ಹೊಡೆಯಲಿಲ್ಲ, ಅಳಲಿಲ್ಲ. ಕೈಯ ಬಟ್ಟಲಿನ ಚಹಾವನ್ನು ಹುಲ್ಲಿಗೆ ಚೆಲ್ಲಿ, “ಆ ಬೂದು ಮೈಯದನ್ನ ನೋಡಿ ಹೇಳಿ,” ಎಂದಳಷ್ಟೆ. ಅಷ್ಟು ದೂರ ನಡೆದು ಬಂದದ್ದು ಕುದುರೆಗಲ್ಲವೆ, ಕುದುರೆಯನ್ನು ಆರಿಸದೆ ಹೋಗುವುದುಂಟೆ ಎಂಬಂತೆ. ದರಿಮಾ ಬೂದು ಕುದುರೆಯನ್ನು ತಾನೇ ಹತ್ತಿ ಇಳಿಜಾರಿನಲ್ಲಿ ಇಳಿಸಿದಳು, ಬಿಲಗಳ ನಡುವೆ ಹಾಯಿಸಿದಳು, ಹಿಂದಿನಿಂದ ಟೋಪಿ ಎಸೆಸಿದಳು. ಕುದುರೆ ನಿಂತು, ತಿರುಗಿ ನೋಡಿ, ಟೋಪಿಯನ್ನು ಮೂಸಿ, ಮತ್ತೆ ನಡೆಯಿತು. ನಾಲ್ಕು ಗೊರಸಿನಲ್ಲಿ ಯಾವುದೂ ಅಪ್ಪಣೆ ಕೇಳಲಿಲ್ಲ. ಹೆಪ್ಪುಗಟ್ಟಿದ ಆ ವರ್ಷಕ್ಕೆ ಮೊದಲು ನೆರೆಯವರಿಗೆ ಕೊಟ್ಟಿದ್ದ ಹೆಣ್ಣುಕುದುರೆಯೊಂದರ ಮಗ ಇದು. ಹಳೆಯ ತಳಿಯ ಕೊನೆಯ ಚೂರು, ಹೋದ ವರ್ಷವಷ್ಟೇ ಚೊಯ್ದೊಗ್ ಹತ್ತು ಕುರಿ ಕೊಟ್ಟು ಮರಳಿ ತಂದಿದ್ದ. “ಇದು ಹುಟ್ಟು ಜೊರೊ,” ಎಂದಳು. ಅದೇ ಎರಡು ಶಬ್ದ. ಸೊಲೊಂಗೊ ಅವಳ ಮುಖವನ್ನೇ ನೋಡಿದಳು. ಆಮೇಲೆ ತಾನೇ ಬಗ್ಗಿ, ನಾಲ್ಕು ಕಾಲುಗಳ ರೋಮವನ್ನೂ ಒಂದೊಂದಾಗಿ ಹಿಮ್ಮುಖ ಸವರಿ ನೋಡಿದಳು. ದರಿಮಾ ಕಾಯುತ್ತ ನಿಂತಳು. ಇಡೀ ಕಣಿವೆ ನಂಬಿದ ಕಿವಿಯನ್ನು ಇನ್ನೊಬ್ಬಳ ಬೆರಳು ಪರೀಕ್ಷಿಸುತ್ತಿತ್ತು. ತನಗೆ ಸಲ್ಲಬೇಕಾದ್ದು ಇದೇ ಎನಿಸಿತು.

ಊಟಕ್ಕೆ ಒಳಗೆ ಬಂದಾಗ ಬಿಸಿಲು ಕಿಂಡಿಯಿಂದ ನೇರ ಮಾವನ ಹೊದಿಕೆಯ ಮೇಲೆ ಬಿದ್ದಿತ್ತು. ಅವನು ಖುಷಿಯಲ್ಲಿದ್ದ.

“ಸದ್ದು ಕೇಳ್ತಿತ್ತು, ಕೇಳ್ತಿತ್ತು. ಬೂದು ಕುದುರೆ ಹಿಡಿದ್ರಾ? ಭೇಷ್. ಹಳದೀದು ಯಾಕೆ ಬಿಟ್ರಿ? ಅದೂ ನಮ್ಮ ಮನೇದೇ, ಬೆಣ್ಣೆ ಹಾಗೆ.”

“ಅದಕ್ಕೆ ಬಳೆ ಇದೆ ಅಜ್ಜ,” ಎಂದಳು ಸೊಲೊಂಗೊ.

ಸೌಟು ಹಿಡಿದಿದ್ದ ದರಿಮಾ ತಿರುಗಲಿಲ್ಲ. ತಿರುಗದೆಯೂ ಅವಳಿಗೆ ಎಲ್ಲವೂ ಕೇಳಿಸಿತು: ಮಂಚದ ಮೇಲಿನ ಉಸಿರು ಒಂದು ಹೆಜ್ಜೆ ತಪ್ಪಿತು, ಮತ್ತೆ ಸಾಲಿಗೆ ಬಂತು.

“ಬಳೆಯೋ ಗಿಳೆಯೋ. ಕುದುರೆ ಚೆನ್ನಾಗಿ ನಡೆದ್ರೆ ಸಾಕು. ನಿನ್ನ ಗಂಡನಿಗೆ ಕೊಟ್ಟಿದ್ದೂ ಎಷ್ಟು ಚೆನ್ನಾಗಿತ್ತು! ಪಾಪ, ಬಟ್ಟಲು ಒಂದು ಬಿಟ್ಟಿದ್ದಿದ್ರೆ ಇವತ್ತು ಇಲ್ಲೇ ಕೂತು ನಗ್ತಿದ್ದ.”

“ಅವರು ಎಷ್ಟು ಬಟ್ಟಲು ಕುಡಿದಿದ್ರು ಅಕ್ಕ?”

“ಎರಡು,” ಎಂದಳು ದರಿಮಾ. “ಹುಳಿಹಾಲು. ನಾನೇ ಕೊಟ್ಟಿದ್ದು. ಎರಡನೇದು ಬೇಡ ಅಂದ.”

ಸೊಲೊಂಗೊ ತಟ್ಟೆಯನ್ನು ಮುಟ್ಟಿರಲಿಲ್ಲ. ಎದ್ದು ನಿಂತಳು, ಒಲೆಯ ಆಚೆ ಬದಿಯಲ್ಲಿ, ಅತಿಥಿಯ ಜಾಗದಲ್ಲಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. “ನನಗೆ ಜಗಳ ಬೇಡ. ಕಾಗದ ತಿದ್ದಿಸೋಕೂ ನಾನು ಬಂದಿಲ್ಲ. ಮಗಳು ಕೇಳ್ತಾಳೆ. ಅಪ್ಪ ಕುಡಿದು ಬೀಳ್ಲಿಲ್ಲ ಕಣೆ ಅಂತೀನಿ. ಮತ್ತೆ ಹೇಗೆ ಬಿದ್ರು ಅಂತಾಳೆ. ಕುದುರೆ ಕಾಲನ್ನ ಯಾರೋ ಕಟ್ಟಿದ್ರು ಅಂತೀನಿ. ಯಾರೋ ಅಂದ್ರೆ ಮಗು ನಂಬಲ್ಲ ಅಕ್ಕ, ಯಾರೋ ಅನ್ನೋದು ಕಥೇಲಿ ಬರೋದು. ಈ ಮನೇಲಿ ಕುದುರೆ ಕೈಲಿ ಹಿಡಿದೋರು ಮೂರೇ ಜನ. ನನಗೊಂದು ಹೆಸರು ಹೇಳಿ.”

ಮೂರೇ ಜನ. ಚೊಯ್ದೊಗ್ ಆ ಚಳಿಗಾಲವೆಲ್ಲ ಪಟ್ಟಣದ ಆಸ್ಪತ್ರೆಯಲ್ಲಿದ್ದ. ಹಿಮ ಕಡಿದ ಎರಡು ಬೆರಳು ಕತ್ತರಿಸಿದ್ದರು. ತಾನೇ ಎಂದುಬಿಡಲೆ? ‘ನಾನು’ ಎಂದರೆ ಅದರಲ್ಲಿ ಪೂರ್ತಿ ಸುಳ್ಳೇನಿದೆ? ಬೆರಣಿಯ ಬುಟ್ಟಿ ಬೆನ್ನಿಗೆ ಹಾಕಿಕೊಂಡು ಚಳಿಗಾಲದ ದೊಡ್ಡಿಯ ಹಿಂದೆ ಬಂದಾಗ, ಕಂದು ಕುದುರೆ ನಾಲ್ಕು ಕಾಲಿಗೂ ಹಗ್ಗ ಬಿಗಿಸಿಕೊಂಡು ನಡುಗುತ್ತ ನಿಂತಿದ್ದನ್ನು ನೋಡಿದ್ದಳು. ಹಗ್ಗದ ಕೆಳಗಿನ ರಕ್ತ ಹೆಪ್ಪುಗಟ್ಟಿ ಕರಿಮಣಿಗಳಾಗಿತ್ತು. ಗಂಟು ಬಿಗಿಯುತ್ತಿದ್ದ ಕೈಗಳನ್ನೂ ನೋಡಿದ್ದಳು. ಆ ಕೈಗಳು ತಲೆಯೆತ್ತಿ ಅವಳನ್ನು ನೋಡಿದವು ಎಂದೇ ಅವಳ ನೆನಪು. ಮುಖ ನೆನಪಿಲ್ಲ, ಕೈ ನೆನಪಿದೆ. ಅವಳು ಬುಟ್ಟಿ ಸರಿಮಾಡಿಕೊಂಡು ಬಂದ ದಾರಿಯಲ್ಲೇ ಮರಳಿದ್ದಳು. ಅದೇ ಕೈಗಳಲ್ಲಿ ಒಂದು ಈಗ ಹೊದಿಕೆಯ ಮೇಲೆ ಸತ್ತು ಬಿದ್ದಿತ್ತು. ದಿನವೂ ಬೆಚ್ಚಗಿನ ನೀರಲ್ಲಿ ಅದನ್ನು ಅದ್ದಿ, ಬೆರಳುಗಳ ಸಂದುಗಳನ್ನು ಒರೆಸುವವಳು ಅವಳೇ. ತಾಯಿ ಸತ್ತ ಸುದ್ದಿ ಬಂದಾಗ ಎರಡು ಹಗಲು ಎರಡು ರಾತ್ರಿ ಅವಳ ಪಕ್ಕದಲ್ಲೇ ಕುದುರೆ ನಡೆಸಿ, ಒಂದು ಮಾತೂ ಆಡದೆ, ತವರಿಗೆ ಮುಟ್ಟಿಸಿದ ಕೈಯೂ ಅದೇ.

“ಕೇಳ್ತಿದಾಳಲ್ಲ, ಹೇಳು ಮಗಳೇ,” ಎಂದ ಮಾವ. ಬಿಸಿಲಿಗೆ ಅವನ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು; ಬಾಯಿ ಮಾತ್ರ ಹಳೆಯ ಠೀವಿಯಲ್ಲಿ ಓರೆಯಾಗಿ ನಗುತ್ತಿತ್ತು. “ನಿನ್ನ ಬಾಯಲ್ಲಿ ಬರೋ ಹೆಸರಾಗಿದ್ರೆ ಹೇಳು.”

ಅವನಿಗೆ ಗೊತ್ತಿತ್ತು. ಸೊಸೆಯಾದವಳು ಮಾವನ ಹೆಸರನ್ನು ಆಡುವುದಿಲ್ಲ. ಬದುಕಿರುವಾಗಲೂ ಇಲ್ಲ, ಸತ್ತ ಮೇಲೂ ಇಲ್ಲ. ಬಂದ ಹೊಸತರಲ್ಲಿ ಜನಗಣತಿಯ ಗುಮಾಸ್ತ ಮನೆಯ ಯಜಮಾನನ ಹೆಸರೇನೆಂದು ಕೇಳಿದಾಗ ಅವಳು ಯೋಚಿಸದೆ ಹೇಳಿಬಿಟ್ಟಿದ್ದಳು. ಇಡೀ ಗುಡಾರ ಉಸಿರು ಹಿಡಿದಿತ್ತು. ಅತ್ತೆ ಅವಳನ್ನು ಹೊರಗೆ ಎಳೆದೊಯ್ದು, ಹಾಲಿನಿಂದ ಬಾಯಿ ಮುಕ್ಕಳಿಸಿ ಹೊಸ್ತಿಲಾಚೆ ಉಗುಳಿಸಿದ್ದಳು. ನೆರೆಯ ಹೆಂಗಸರು ತೋಳಿನಲ್ಲಿ ಮುಖ ಮರೆಮಾಡಿಕೊಂಡು ನಕ್ಕಿದ್ದರು. ಮೂವತ್ತಾರು ವರ್ಷ. ಆಮೇಲೆ ಯಾವ ಕಾಗದಕ್ಕೆ ಬೇಕಾದರೂ ನೆರೆಯವಳನ್ನು ಕರೆತಂದು ಅವಳ ಬಾಯಿಂದ ಹೇಳಿಸಿದ್ದಳು. ಕನಸಿನಲ್ಲಿಯೂ ಅವಳ ನಾಲಗೆ ಆ ಶಬ್ದದ ಹತ್ತಿರ ಬಂದರೆ ತಾನೇ ಹೆಜ್ಜೆ ಬದಲಿಸುತ್ತಿತ್ತು.

ಸೊಲೊಂಗೊ ಕಾಯುತ್ತಿದ್ದಳು. ಹೊರಗೆ ಬೂದು ಕುದುರೆ ಒಮ್ಮೆ ಸೀನಿತು. ಮಂಚದ ಮೇಲಿನ ನಗೆ ನಿಧಾನವಾಗಿ ಕರಗುತ್ತಿರುವುದನ್ನು, ಅದರ ಕೆಳಗಿನಿಂದ ಮಗುವಿನದೋ ಮುದುಕನದೋ ತಿಳಿಯದಂಥ ಒಂದು ಬೇಡಿಕೆ ಮೇಲೆ ಬರುತ್ತಿರುವುದನ್ನು ದರಿಮಾ ಕಂಡಳು. ಸಾಯಂಕಾಲ ಇದೇ ಬಾಯಿಗೆ ಗಂಜಿಯ ಚಮಚ ಹಿಡಿಯಬೇಕು, ನಾಳೆಯೂ, ನಾಡಿದ್ದೂ. ಅವಳು ಸೌಟನ್ನು ಕೆಳಗಿಟ್ಟಳು. ಮಾವನ ಕಣ್ಣಿನಿಂದ ಕಣ್ಣು ತೆಗೆಯದೆ, ತುಟಿ ಒದ್ದೆ ಮಾಡಿಕೊಂಡು, ಬಾಯಿ ತೆರೆದಳು.

“ಗೊಂಬೊಝಾವ್.”